ನೆಲದಡಿಯ ಕಾವಲು

ಅಂಗಳಕ್ಕೆ ನೀರು ಹಾಕಲು ಹೋದ ಹೆಂಡತಿ ಅಲ್ಲಿಂದಲೇ ಕೂಗಿದಳು: "ರೀ, ನೀಲಕಂಠ ಎಲ್ಲಿ ಹೋದ್ವು?"

ಮನೆಯ ಮುಂದಿನ ಎಂಟಡಿ ಅಗಲದ ಕೈತೋಟದಲ್ಲಿ ನಾವು ಮೂರು ನೀಲಕಂಠ ಹಕ್ಕಿಗಳನ್ನು ನಿಲ್ಲಿಸಿದ್ದೆವು. ಕಬ್ಬಿಣದ ಪತ್ರಾ ಕತ್ತರಿಸಿ ಮಾಡಿದ ಹಕ್ಕಿಗಳು. ಒಂದೊಂದಕ್ಕೂ ಒಂದು ಸರಳು, ಸರಳಿನ ತುದಿ ಚೂಪು, ಆ ತುದಿ ಮಣ್ಣಿನೊಳಗೆ. ಕರ್ನಾಟಕದ ರಾಜ್ಯಪಕ್ಷಿ ಪುಣೆ ಬಳಿಯ ಚಾಕಣದ ಅಂಗಳದಲ್ಲಿ ರೆಕ್ಕೆ ಬಿಚ್ಚಿ ನಿಂತಿರಲಿ ಎಂಬ ಆಸೆಯಿಂದ ಒಂದು ರಾಜ್ಯೋತ್ಸವದ ಹೊತ್ತಿಗೆ ಮಾಡಿಸಿದ್ದೆ. ನೀಲಿ ಬಣ್ಣ ಬಳಿದವಳು ಮಗಳು. ಆ ಬೆಳಿಗ್ಗೆ ನೋಡಿದರೆ ಎರಡು ಹಕ್ಕಿಗಳ ಜಾಗದಲ್ಲಿ ಬೆರಳು ತೂರುವಷ್ಟು ಸಣ್ಣ ಎರಡು ತೂತುಗಳಿದ್ದವು. ಮಣ್ಣು ಕೂಡ ಕೆದರಿರಲಿಲ್ಲ. ಯಾರೋ ನಡೆದುಹೋಗುತ್ತಾ ಗಜ್ಜರಿ ಕಿತ್ತ ಹಾಗೆ ಕಿತ್ತುಕೊಂಡು ಹೋಗಿದ್ದರು.

ಮೂರನೆಯದು ಮಾತ್ರ ಇದ್ದಲ್ಲಿಯೇ ಇತ್ತು. ತುಳಸಿಕಟ್ಟೆ ಕಟ್ಟುವಾಗ ಗೌಂಡಿ ಅದರ ಸರಳನ್ನು ಕಟ್ಟೆಯ ಮೂಲೆಗೆ ಇಟ್ಟು ಸಿಮೆಂಟು ಹಾಕಿಬಿಟ್ಟಿದ್ದ. ಅದನ್ನೂ ಎಳೆದು ನೋಡಿದ ಗುರುತಿತ್ತು. ಸರಳು ಒಂದಿಷ್ಟು ಬಾಗಿತ್ತು, ಹಕ್ಕಿಯ ಕೊಕ್ಕು ನೆಲದ ಕಡೆ ವಾಲಿತ್ತು. ಆದರೆ ಕಟ್ಟೆ ಬಿಟ್ಟುಕೊಟ್ಟಿರಲಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಮೂರನೆಯ ಹಕ್ಕಿ ಕಲಿಸಿದ್ದು. ಅಂಗಳದ ಅಲಂಕಾರವನ್ನು ಕಾಯುವುದು ಮೇಲಿನ ಕ್ಯಾಮೆರಾ ಅಲ್ಲ, ಗೇಟಿನ ಬೀಗವೂ ಅಲ್ಲ. ಕಣ್ಣಿಗೆ ಕಾಣದ, ನೆಲದಡಿಯ ಒಂದೂವರೆ ಅಡಿ.

ಚಾಕಣದಲ್ಲಿ ಇರುವವರಿಗೆ ಈ ಮಾತು ಹೊಸದಾಗಬಾರದು. ಊರಿನ ನಡುವೆ ಸಂಗ್ರಾಮದುರ್ಗದ ಅಳಿದುಳಿದ ಗೋಡೆಗಳಿವೆ. ಅದು ಬೆಟ್ಟದ ಕೋಟೆಯಲ್ಲ, ಬಯಲಿನ ಕೋಟೆ, ಸುತ್ತ ಕಂದಕ. 1660ರಲ್ಲಿ ಮೊಗಲರ ಶಾಯಿಸ್ತಾ ಖಾನ ದೊಡ್ಡ ಸೈನ್ಯದೊಡನೆ ಬಂದು ಮುತ್ತಿಗೆ ಹಾಕಿದಾಗ ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ ಕೆಲವೇ ನೂರು ಜನರನ್ನು ಕಟ್ಟಿಕೊಂಡು ಮಳೆಗಾಲದಲ್ಲಿ ಸುಮಾರು ಎರಡು ತಿಂಗಳು ಕಾದಾಡಿದ. ಎದುರಿನಿಂದ ಬಂದವರಿಗೆ ಗೋಡೆ ಮಣಿಯಲಿಲ್ಲ. ಕೊನೆಗೆ ಮೊಗಲರು ಸುರಂಗ ತೋಡಿ ಬುರುಜಿನ ಬುಡಕ್ಕೆ ಮದ್ದು ತುಂಬಿ ಸಿಡಿಸಿದರು. ಕೋಟೆ ಸೋತದ್ದು ಬುಡದಿಂದ. ನನ್ನ ಎರಡು ಹಕ್ಕಿಗಳನ್ನು ಕೋಟೆಯ ಪಕ್ಕದಲ್ಲಿಟ್ಟು ತೂಗುತ್ತಿಲ್ಲ. ಆದರೂ ಆ ಗೋಡೆಯ ಪಕ್ಕ ಹಾದುಹೋಗುವಾಗಲೆಲ್ಲ ಬುಡದ ಯೋಚನೆ ಬರುತ್ತದೆ.

ಇಂದಿನ ಚಾಕಣ ಬೇರೆ. ಪುಣೆ-ನಾಶಿಕ ಹೆದ್ದಾರಿಯ ಈ ಊರಿಗೆ ಮೊದಲು ಹೆಸರು ಈರುಳ್ಳಿ ಮಾರುಕಟ್ಟೆಯಿಂದ. ಈಗ ಬಜಾಜ್, ಮಹೀಂದ್ರಾ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಕಾರ್ಖಾನೆಗಳಿಂದ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದ ನಮ್ಮವರು ಇಲ್ಲಿ ಶಿಫ್ಟಿನಲ್ಲಿ ದುಡಿಯುತ್ತಾರೆ, ಸಾಲ ಮಾಡಿ ಸಣ್ಣ ರೋಹೌಸ್ ಕೊಳ್ಳುತ್ತಾರೆ, ಮುಂದಿನ ತುಂಡು ನೆಲದಲ್ಲಿ ದಾಸವಾಳ ನೆಡುತ್ತಾರೆ. ಇಷ್ಟು ಕಾರ್ಖಾನೆ ಇದ್ದ ಮೇಲೆ ಗುಜರಿಯ ವ್ಯಾಪಾರವೂ ದೊಡ್ಡದು. ಮರಾಠಿಯಲ್ಲಿ ಗುಜರಿಗೆ 'ಭಂಗಾರ್' ಎನ್ನುತ್ತಾರೆ. ಊರಿನಿಂದ ಮೊದಲ ಸಲ ಬಂದ ನನ್ನ ಅವ್ವ ಬೀದಿಯಲ್ಲಿ "ಭಂಗಾರ್ ವಾಲಾ" ಎಂದು ಕೂಗುವುದನ್ನು ಕೇಳಿ, ಇಲ್ಲಿ ಬಂಗಾರವನ್ನೂ ತಳ್ಳುಗಾಡಿಯಲ್ಲಿ ಮಾರುತ್ತಾರೇನು ಎಂದು ಕೇಳಿದ್ದಳು. ಒಂದು ಮಹಾಪ್ರಾಣದ ಅಂತರ, ಅಷ್ಟೇ. ನನ್ನ ಮಗಳಿಗೆ ಆ ಹಕ್ಕಿ ಬಂಗಾರ, ಒಯ್ದವನಿಗೆ ಭಂಗಾರ.

ಲೆಕ್ಕ ನೋಡಿದರೆ ಹೊಟ್ಟೆ ಉರಿಯುತ್ತದೆ. 10 ಎಂ.ಎಂ. ದಪ್ಪದ ಸರಳು ಒಂದು ಮೀಟರಿಗೆ ಸುಮಾರು 617 ಗ್ರಾಂ ತೂಗುತ್ತದೆ. ಹಕ್ಕಿ, ಸರಳು ಎಲ್ಲ ಸೇರಿಸಿದರೂ ಒಂದೂವರೆ ಕೆಜಿ ದಾಟದು. ಅಷ್ಟು ಕಬ್ಬಿಣಕ್ಕೆ ಗುಜರಿಯಲ್ಲಿ ಸಿಗುವ ದುಡ್ಡಿನಲ್ಲಿ ಒಂದು ಹೊತ್ತಿನ ಊಟವೂ ನೆಟ್ಟಗೆ ಆಗುವುದಿಲ್ಲ. ಲೋಹದ ಕಳವಿನಲ್ಲಿ ಇದು ಎಲ್ಲ ಕಡೆಯ ಸಂಕಟ. 2005ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ, ಶಿಲ್ಪಿ ಹೆನ್ರಿ ಮೂರ್ ಬಾಳಿ ಬದುಕಿದ ಜಾಗದಿಂದ, ಎರಡು ಟನ್ನಿಗೂ ಹೆಚ್ಚು ತೂಕದ ಅವರ ಕಂಚಿನ ಶಿಲ್ಪವನ್ನು ಕ್ರೇನ್ ಇದ್ದ ಲಾರಿ ತಂದು ಎತ್ತಿಕೊಂಡು ಹೋದರು. ಅದರ ಬೆಲೆ ಸುಮಾರು 30 ಲಕ್ಷ ಪೌಂಡ್. ಕಳ್ಳರು ಅದನ್ನು ತುಂಡರಿಸಿ ಗುಜರಿಗೆ ಮಾರಿ ಪಡೆದದ್ದು ಸುಮಾರು 1,500 ಪೌಂಡ್ ಎಂದು ಪೊಲೀಸರು ಅಂದಾಜು ಮಾಡಿದರು. ಇಂಥ ಕಳವುಗಳು ಹೆಚ್ಚಿ ಆ ದೇಶ 2012-13ರಲ್ಲಿ ಗುಜರಿ ವ್ಯಾಪಾರಿಗಳ ಮೇಲೆ ಕಾನೂನು ತಂದು, ಲೋಹಕ್ಕೆ ನಗದು ಕೊಡುವುದನ್ನೇ ನಿಲ್ಲಿಸಿತು. ಮಾರಿದವನ ಹೆಸರು ಬ್ಯಾಂಕಿನ ದಾಖಲೆಯಲ್ಲಿ ಉಳಿಯುತ್ತದೆ ಎಂದಾಗ ಕಬ್ಬಿಣ ಕೀಳುವ ಕೈ ತಡೆಯುತ್ತದೆ. ನಮ್ಮಲ್ಲಿಯೂ ಇದು ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಳವಾಯಿತು ಎಂದ ಕೂಡಲೇ ನಮ್ಮ ಬೀದಿಯ ನಾಲ್ಕು ಜನ ಚಿಂದಿ ಆಯುವ ಹೆಂಗಸರ ಕಡೆ ಬೆರಳು ತೋರಿಸಿದರು. ಪುಣೆಯಲ್ಲಿ ಆ ಹೆಂಗಸರು 1993ರಲ್ಲಿಯೇ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘಟನೆ ಕಟ್ಟಿಕೊಂಡವರು. ಗುರುತಿನ ಚೀಟಿ ಹಿಡಿದು, ಕಳ್ಳರೆಂಬ ಅಪವಾದ ಇಲ್ಲದೆ ದುಡಿಯುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು. ಅವರು ಎತ್ತುವುದು ನಾವು ಎಸೆದದ್ದನ್ನು. 2023ರ ಫೆಬ್ರುವರಿಯಲ್ಲಿ ಗುರುಗ್ರಾಮದಲ್ಲಿ ಜಿ-20 ಸಭೆಗೆಂದು ರಸ್ತೆಯಲ್ಲಿ ಜೋಡಿಸಿದ್ದ ಹೂಕುಂಡಗಳನ್ನು ಹಾಡಹಗಲೇ ಹೊತ್ತೊಯ್ದವರು ಬಂದದ್ದು ದುಬಾರಿ ಕಾರಿನಲ್ಲಿ. ವಿಡಿಯೊ ದೇಶವೆಲ್ಲ ಹರಿದಾಡಿತು, ಬಂಧನವೂ ಆಯಿತು. ಅಂದ ಕಂಡು ಕೈ ಚಾಚುವವನಿಗೆ ಬಡತನವೇ ಕಾರಣವಾಗಿರಬೇಕಿಲ್ಲ. ನಮ್ಮ ಹಕ್ಕಿಗಳು ಯಾರದೋ ಬಾಲ್ಕನಿಯಲ್ಲಿ ಇಂದಿಗೂ ನಿಂತಿರಬಹುದು.

ಹಾಗೆ ನೋಡಿದರೆ ಅಂಗಳದ ವಸ್ತು ಎತ್ತುವುದನ್ನು ನಾವು ಪೂರ್ತಿ ಕಳವು ಎಂದು ಎಣಿಸಿದವರೇ ಅಲ್ಲ. ಬೆಳಗಿನ ಜಾವ ಕಾಂಪೌಂಡಿನ ಆಚೆಯಿಂದ ಕೈ ಹಾಕಿ ದೇವರಿಗೆಂದು ದಾಸವಾಳ ಕೊಯ್ಯುವವರು ಪ್ರತಿ ಊರಿನಲ್ಲಿದ್ದಾರೆ. ಕಾಮಣ್ಣನ ಹಬ್ಬ ಬಂದರೆ ಉತ್ತರ ಕರ್ನಾಟಕದ ಹುಡುಗರಿಗೆ ಕಟ್ಟಿಗೆ, ಕುಳ್ಳು ಕದಿಯುವುದೇ ಹಬ್ಬ. ಬೇಲಿಯ ಗೂಟ, ಮುರುಕು ಬಂಡಿಯ ನೊಗ, ಹಿತ್ತಲ ಬಾಗಿಲು, ಏನು ಸಿಕ್ಕರೂ ಕಾಮನ ರಾಶಿಗೆ. ನಾನೂ ಕದ್ದಿದ್ದೇನೆ. ಹಿರಿಯರು ಬೈಯುತ್ತಿದ್ದರು, ಆದರೆ ಆ ದಿನಗಳಲ್ಲಿ ಗೂಟ ಕಿತ್ತು ಒಳಗಿಡದವನದೇ ತಪ್ಪು ಎಂಬುದು ಊರಿನ ನ್ಯಾಯವಾಗಿತ್ತು. ಆ ನ್ಯಾಯ ಒಬ್ಬರನ್ನೊಬ್ಬರು ಬಲ್ಲ ಊರಿನದು. ಯಾರು ಒಯ್ದರು ಎಂಬುದು ಮರುದಿನ ಎಲ್ಲರಿಗೂ ಗೊತ್ತಿರುತ್ತಿತ್ತು. ಎದುರುಮನೆಯವರ ಹೆಸರೇ ಗೊತ್ತಿಲ್ಲದ ಬಡಾವಣೆಗೆ ಅದು ಹೊಂದುವುದಿಲ್ಲ.

ಎರಡು ಹೊಸ ಹಕ್ಕಿ ಮಾಡಿಸಲು ಹೋದಾಗ ಫ್ಯಾಬ್ರಿಕೇಶನ್ ಅಂಗಡಿಯಾತ ನನ್ನ ಕಥೆ ಪೂರ್ತಿ ಕೇಳಿದ. ಇಂಡಿ ತಾಲ್ಲೂಕಿನವನು, ಇಪ್ಪತ್ತು ವರ್ಷದಿಂದ ಇಲ್ಲಿ ವೆಲ್ಡಿಂಗ್ ಮಾಡುತ್ತಾನೆ. "ಸರ, ತುದಿ ಚೂಪ್ ಮಾಡಿ ಹುಗಿದಿದ್ದು ನೆಡೋದಲ್ರಿ, ಚುಚ್ಚೋದು" ಅಂದ. "ಕಳ್ಳಗ ಬೇಕಾಗಿದ್ದು ಟೈಮ್ ರೀ. ಎರಡ ಮಿನಿಟ್ ಜಾಸ್ತಿ ಹಿಡೀತದ ಅಂದ್ರ ಬಿಟ್ಟ ಹೋಗ್ತಾನ." ಕೆಲಸ ಅವನೇ ಹೇಳಿಕೊಟ್ಟ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಎಷ್ಟು ಎತ್ತರ ಕಾಣಬೇಕೋ ಅದರ ಅರ್ಧದಷ್ಟು ನೆಲದೊಳಗೆ ಇರಬೇಕು. ಮೂರು ಅಡಿ ಮೇಲಿದ್ದರೆ ಒಂದೂವರೆ ಅಡಿ ಕೆಳಗೆ. ವಿದ್ಯುತ್ ಕಂಬಕ್ಕೆ ಉದ್ದದ ಆರನೆಯ ಒಂದು ಪಾಲು ಹೂತರೆ ಸಾಕು ಎಂಬ ರೂಢಿ ಇದೆ. ಅಲ್ಲಿ ಕಂಬದ ತೂಕವೇ ಕಾವಲು. ಹಗುರ ಸರಳಿಗೆ ಆ ಲೆಕ್ಕ ಸಾಲದು. ನಮ್ಮ ಹಿರಿಯರು ತುರುಗಳ್ಳರೊಡನೆ ಕಾದಿ ಮಡಿದವರಿಗೆ ವೀರಗಲ್ಲು ನಿಲ್ಲಿಸುವಾಗ ಕಲ್ಲಿನ ಬುಡವನ್ನು ಕೆತ್ತದೆ ಒರಟಾಗಿ ಬಿಟ್ಟು ಹೂಳುತ್ತಿದ್ದರು. ಕಾಣುವ ಭಾಗಕ್ಕೆ ಚಿತ್ರ, ಕಾಣದ ಭಾಗಕ್ಕೆ ಹಿಡಿತ. ಸರಳಿಗೂ ಅದೇ: ನೆಲದೊಳಗಿನ ಭಾಗ ನುಣುಪಾಗಿರಬಾರದು. ಕೆಳತುದಿಯನ್ನು 'ಎಲ್' ಆಕಾರಕ್ಕೆ ಬಗ್ಗಿಸಬೇಕು, ಇಲ್ಲವೇ ಒಂದಡಿ ಉದ್ದದ ಅಡ್ಡಸರಳನ್ನು ವೆಲ್ಡ್ ಮಾಡಿಸಬೇಕು. ಆಗ ಮೇಲಕ್ಕೆ ಎಳೆದರೆ ಅದರ ಮೇಲಿನ ಮಣ್ಣನ್ನೆಲ್ಲ ಎತ್ತಬೇಕಾಗುತ್ತದೆ. ತಿರುಚಿ ಸಡಿಲ ಮಾಡೋಣವೆಂದರೆ ಅಡ್ಡಸರಳು ತಿರುಗಲು ಬಿಡುವುದಿಲ್ಲ.

ಇದಕ್ಕೆ ಕಾಂಕ್ರೀಟು ಸೇರಿದರೆ ಕೆಲಸ ಪಕ್ಕಾ. ಒಂಬತ್ತು ಇಂಚು ಚೌಕದ, ಒಂದೂವರೆ ಅಡಿ ಆಳದ ಗುಂಡಿ ತೋಡಿ. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಸಣ್ಣ ಜಲ್ಲಿ. ನೆಲಮಟ್ಟಕ್ಕೆ ಮೂರು ಇಂಚು ಕಡಿಮೆ ತುಂಬಿ, ಸರಳನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಇಟ್ಟಿಗೆ ಆನಿಸಿ ಒಂದು ದಿನ ಬಿಡಿ. ಏಳು ದಿನ ನೀರುಣಿಸಿದ ಮೇಲೆ ಮೇಲೆ ಮಣ್ಣು ಮುಚ್ಚಿ ಹುಲ್ಲು ಹಾಕಿ. ಅಷ್ಟು ಕಾಂಕ್ರೀಟಿನ ತೂಕವೇ ಸುಮಾರು 48 ಕೆಜಿ, ಅದರ ಮೇಲೆ ಮಣ್ಣಿನ ಹಿಡಿತ ಬೇರೆ. ಒಬ್ಬ ಮನುಷ್ಯ ಬಗ್ಗಿ ನಿಂತು ಅದನ್ನು ಕೀಳುವುದು ಆಗದ ಮಾತು. ಸರಳು ಕಾಂಕ್ರೀಟಿನಿಂದ ಹೊರಬರುವ ಜಾಗದಲ್ಲಿಯೇ ಮೊದಲು ತುಕ್ಕು ಹಿಡಿಯುವುದರಿಂದ, ಕಾಂಕ್ರೀಟಿನ ತಲೆಯನ್ನು ಹೊರಗಡೆಗೆ ಇಳಿಜಾರು ಮಾಡಿ. ಹುಗಿಯುವ ಮೊದಲೇ ಆ ಭಾಗಕ್ಕೆ ರೆಡ್ ಆಕ್ಸೈಡ್ ಬಳಿದು, ಮೇಲೆ ಡಾಂಬರು ಹಚ್ಚಿದರೆ ಇನ್ನೂ ಒಳ್ಳೆಯದು.

ಈ ಸೀಮೆಯ ಎರೆಮಣ್ಣಿನ ಗುಣ ಬಲ್ಲವರಿಗೆ ಇನ್ನೊಂದು ಲಾಭವೂ ತಿಳಿದೀತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬರಿದೆ ಚುಚ್ಚಿದ ಸರಳು ವರ್ಷದೊಳಗೆ ತಾನೇ ಸಡಿಲಾಗಿ ವಾಲುತ್ತದೆ. ಒಂದೂವರೆ ಅಡಿಯ ಗುಂಡಿ ತಳದ ಮುರುಂ ಮುಟ್ಟಿದರೆ ಆ ಕಾಟವೂ ಕಡಿಮೆ.

ಬಾಡಿಗೆ ಮನೆಯವರು ಮಾಲೀಕರ ನೆಲ ಅಗೆಯುವಂತಿಲ್ಲ. ಅವರಿಗೆ ಪೇಂಟಿನ ಡಬ್ಬಿಯೇ ಗತಿ, ಅದೂ ಒಳ್ಳೆಯ ಗತಿಯೇ. 20 ಲೀಟರಿನ ಡಬ್ಬಿಯ ತುಂಬ ಕಾಂಕ್ರೀಟು ಹಾಕಿ ಸರಳು ನಿಲ್ಲಿಸಿದರೆ ಅದೂ 48 ಕೆಜಿ ತೂಗುತ್ತದೆ. ಸುತ್ತ ಹೂಕುಂಡ ಇಟ್ಟು ಮರೆಮಾಡಿ. ಮನೆ ಬಿಡುವಾಗ ಇಬ್ಬರು ಹಿಡಿದು ಟೆಂಪೊಗೆ ಏರಿಸಬಹುದು.

ಈಗ ಮಾರುಕಟ್ಟೆಯಲ್ಲಿ ಹೆಚ್ಚು ಮಾರಾಟವಾಗುವುದು ಸೋಲಾರ್ ದೀಪದ ಕಡ್ಡಿಗಳು. ಅವುಗಳ ಪ್ಲಾಸ್ಟಿಕ್ ಮೊಳೆ ಕಾಂಕ್ರೀಟಿಗೆ ಹೊಂದುವುದಿಲ್ಲ, ಬ್ಯಾಟರಿ ಬದಲಿಸಲು ದೀಪ ಬಿಚ್ಚುತ್ತಲೂ ಇರಬೇಕು. ಅದಕ್ಕೆ ದೀಪದ ಕಂಬ ಬಿಗಿಯಾಗಿ ಕೂರುವ ಅಳತೆಯ ಪಿವಿಸಿ ಪೈಪನ್ನು ಕಾಂಕ್ರೀಟಿನಲ್ಲಿ ಕೂರಿಸಿ, ಕಂಬವನ್ನು ಅದರೊಳಗೆ ಇಳಿಸಿ, ಪಕ್ಕದಿಂದ ಒಂದು ಸ್ಕ್ರೂ ಕೊರೆದು ಬಿಗಿಯಿರಿ. ಸ್ಕ್ರೂ ಮಣ್ಣಿನಡಿ ಇರಲಿ. ದೀಪಗಳು ಸಾಲಾಗಿದ್ದರೆ ಬುಡಕ್ಕೆ ಒಂದೊಂದು ಬಳೆ ಹಾಕಿ ನೆಲದಡಿಯಲ್ಲೇ ಒಂದು ವಾಯರ್ ರೋಪ್ ಪೋಣಿಸಿದರೆ, ಒಂದನ್ನು ಎಳೆದವನು ಎಲ್ಲವನ್ನೂ ಅಗೆಯಬೇಕು.

ಬುಡ ಗಟ್ಟಿಯಾದ ಮೇಲೆ ಕಳ್ಳನ ಕಣ್ಣು ತಲೆಯ ಮೇಲೆ ಬೀಳುತ್ತದೆ. ಹಕ್ಕಿಯನ್ನು ನಟ್ಟು-ಬೋಲ್ಟಿನಿಂದ ಕೂರಿಸಿದ್ದರೆ ಒಂದು ಪಾನಾದಿಂದ ಬಿಚ್ಚಿಬಿಡಬಹುದು. ನಟ್ಟಿನ ಮೇಲೆ ಎರಡು ಚುಕ್ಕೆ ವೆಲ್ಡಿಂಗ್ ಹಾಕಿಸಿ. ಹೆಕ್ಸಾ ಬ್ಲೇಡಿನಿಂದ ಸರಳು ಕೊಯ್ಯುವವನಿಗೂ ಉಪಾಯವಿದೆ. ಸರಳಿನ ಮೇಲೆ ಸಡಿಲವಾಗಿ ತಿರುಗುವ ಕಬ್ಬಿಣದ ಪೈಪ್ ತೊಡಿಸಿದರೆ ಬ್ಲೇಡು ತಾಗಿದಂತೆಲ್ಲ ಪೈಪು ತಿರುಗುತ್ತದೆ, ಹಲ್ಲು ಕಚ್ಚುವುದಿಲ್ಲ. ಇನ್ನು ಹಿತ್ತಾಳೆ, ತಾಮ್ರ ಬೀದಿಯ ಕಡೆಯ ತೋಟದಲ್ಲಿ ಬೇಡವೇ ಬೇಡ. ಕಬ್ಬಿಣಕ್ಕೆ ಬಣ್ಣ ಹೊಡೆದರೆ ಅಂದ ಅಷ್ಟೇ ಇರುತ್ತದೆ, ಆಸೆ ಮಾತ್ರ ಹುಟ್ಟುವುದಿಲ್ಲ. ಅಗೆಯುವ ಮುಂಚೆ ನೀರಿನ ಪೈಪು, ಕೇಬಲ್ಲು, ಪೈಪ್ ಗ್ಯಾಸ್ ಹಾದುಹೋಗಿರುವ ಜಾಗ ಕೇಳಿ ತಿಳಿದುಕೊಳ್ಳಿ. ಸೊಸೈಟಿಯ ಸಾಮಾನ್ಯ ಜಾಗವಾದರೆ ಮೊದಲು ಕಮಿಟಿಯ ಒಪ್ಪಿಗೆ ಪಡೆಯಿರಿ.

ಕ್ಯಾಮೆರಾ ಬೇಡ ಎನ್ನುವುದಿಲ್ಲ. ಆದರೆ ಅದು ಹೋದದ್ದನ್ನು ತೋರಿಸುತ್ತದೆ, ಹೋಗದಂತೆ ಹಿಡಿಯುವುದಿಲ್ಲ. ಕೈತೋಟದ ವಸ್ತುವಿನ ಮಟ್ಟಿಗೆ ಕಾನೂನಿನ ಹಾದಿಯೂ ಕಿರಿದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ, ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಕದ್ದವನು ಮೊದಲ ಸಲ ತಪ್ಪಿತಸ್ಥನೆಂದು ಸಾಬೀತಾಗಿ, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಇಂಥ ಸಣ್ಣ ಕಳವು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಮೊದಲ ತಪ್ಪಿಗೆ ಜೈಲು ಬೇಡ, ಬೀದಿ ಗುಡಿಸಲಿ ಎಂಬ ಈ ವಿಚಾರ ನನಗೆ ಸರಿ ಎನಿಸುತ್ತದೆ. ಮಗಳ ಹಕ್ಕಿಗಾಗಿ ಯಾರೂ ಜೈಲಿಗೆ ಹೋಗುವುದು ನನಗೆ ಬೇಕಿಲ್ಲ. ಆದರೂ ದೂರು ಕೊಡಿ. ಒಂದೇ ಬೀದಿಯಿಂದ ನಾಲ್ಕು ಅರ್ಜಿ ಹೋದರೆ ಗಸ್ತು ಆ ಕಡೆ ತಿರುಗುವ ಸಂಭವ ಹೆಚ್ಚು.

ದೂರು ಕೊಡಲು ವಸ್ತು ನಿಮ್ಮದು ಎಂಬುದಕ್ಕೆ ಗುರುತು ಬೇಕು. 2024ರ ಆಗಸ್ಟಿನಲ್ಲಿ ಅಯೋಧ್ಯೆಯ ರಾಮಪಥ, ಭಕ್ತಿಪಥಗಳಿಂದ 3,800 ಬಿದಿರು ದೀಪ, 36 ಪ್ರೊಜೆಕ್ಟರ್ ದೀಪ ಕಳವಾದವೆಂದು ಗುತ್ತಿಗೆದಾರರು ಪೊಲೀಸರಿಗೆ ದೂರಿತ್ತರು. ಬೆಲೆ 50 ಲಕ್ಷ ರೂಪಾಯಿಗೂ ಹೆಚ್ಚು ಎಂದರು. ಅಧಿಕಾರಿಗಳು ಕಳವಿನ ಮಾತನ್ನೇ ಅಲ್ಲಗಳೆದರು. ಎಷ್ಟು ಹಾಕಿದ್ದರು, ಎಷ್ಟು ಹೋದವು ಎಂಬುದೇ ಜಗಳವಾಯಿತು. ಅಷ್ಟು ದೊಡ್ಡ ಕೆಲಸದಲ್ಲೇ ಹೀಗಾದರೆ ನಮ್ಮ ಎರಡು ಹಕ್ಕಿಯ ಲೆಕ್ಕ ಯಾರು ಇಡಬೇಕು? ನಾವೇ. ಫೋಟೊ ತೆಗೆದಿಡಿ, ರಸೀದಿ ಇಟ್ಟುಕೊಳ್ಳಿ, ರೆಕ್ಕೆಯ ಹಿಂಬದಿಗೆ ಮನೆ ನಂಬರನ್ನು ವೆಲ್ಡಿಂಗಿನಲ್ಲೇ ಬರೆಸಿ. ಬಣ್ಣದ ಅಕ್ಷರ ಅಳಿಸಬಹುದು, ವೆಲ್ಡಿಂಗಿನ ಅಕ್ಷರವನ್ನು ತಿಕ್ಕಿ ತೆಗೆದರೆ ತಿಕ್ಕಿದ ಗುರುತು ಉಳಿಯುತ್ತದೆ. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಗಂಧದ ಮರದ ಕಳ್ಳತನ ತಡೆಯಲು ಕಾಂಡಕ್ಕೆ ಚಿಪ್ ಅಳವಡಿಸುವ ಪ್ರಯೋಗಕ್ಕೂ ಇಳಿದಿದ್ದರು. ಬೆಂಗಳೂರಿನಲ್ಲೂ ಪುಣೆಯಲ್ಲೂ ಬಂಗಲೆಗಳ ಅಂಗಳದಿಂದ ರಾತ್ರೋರಾತ್ರಿ ಗಂಧದ ಮರ ಕಡಿದೊಯ್ಯುವ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಅದರ ಮುಂದೆ ನಮ್ಮದು ಸಣ್ಣ ನಷ್ಟ. ಆದರೆ ಅಂಗಳಕ್ಕೆ ಇಳಿಯುವ ಹೆಜ್ಜೆ ಎರಡರಲ್ಲೂ ಒಂದೇ.

ಒಂದನ್ನು ಮಾತ್ರ ಯಾರೂ ಮಾಡಬೇಡಿ. ನನ್ನ ಪರಿಚಿತರೊಬ್ಬರು ಸರಳುಗಳಿಗೆ ಕರೆಂಟ್ ತಂತಿ ಸುತ್ತುವ ಮಾತಾಡಿದರು. ಹೊಲಗಳಲ್ಲಿ ಹಂದಿಗೆಂದು ಎಳೆದ ತಂತಿಗೆ ಮನುಷ್ಯರು, ಆನೆಗಳು ಬಲಿಯಾದದ್ದನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಚೆಂಡು ಹುಡುಕಿಕೊಂಡು ಬರುವ ಮಗು, ನಸುಕಿನಲ್ಲಿ ಹಾಲು ಹಾಕುವ ಹುಡುಗ, ದಾಸವಾಳ ಕೊಯ್ಯುವ ಅಜ್ಜಿ ಇವರೆಲ್ಲ ಆ ಅಂಗಳಕ್ಕೆ ಕೈ ಚಾಚುವವರೇ. ಚೂಪು ಮೊಳೆಯ ಪಟ್ಟಿಯನ್ನು ಹುಲ್ಲಿನಲ್ಲಿ ಅಡಗಿಸಿಡುವುದೂ ಅಷ್ಟೇ ಕೆಟ್ಟ ಕೆಲಸ.

ಹಕ್ಕಿ ಕಳವಾದ ಮೇಲೆ ಮತ್ತೆ ಯಾಕೆ ಹೊರಗಿಡುತ್ತೀರಿ, ಮನೆಯ ಹಾಲ್‌ನಲ್ಲಿ ಇಡಬಾರದೇ ಎಂದು ಹಲವರು ಕೇಳಿದರು. ರಾತ್ರಿ ಪಾಳಿ ಮುಗಿಸಿ ಕಣ್ಣುಜ್ಜಿಕೊಂಡು ಬರುವ ಹುಡುಗರು ನಮ್ಮ ಗೇಟಿನ ಮುಂದೆ ಒಂದು ಕ್ಷಣ ನಿಲ್ಲುವುದನ್ನು ನಾನು ಕಂಡಿದ್ದೇನೆ. ಬೀದರಿನ ಕಡೆಯ ಒಬ್ಬ ಹುಡುಗ ಒಮ್ಮೆ ಕೈ ಮಾಡಿ, "ಕಾಕಾ, ಇದು ನಮ್ಮ ಕಡೀ ಹಕ್ಕಿ ಅಲ್ಲೇನ್ರಿ?" ಎಂದು ಕೇಳಿದ್ದ. ಹಾಲ್‌ನಲ್ಲಿಟ್ಟ ಹಕ್ಕಿಯನ್ನು ಆ ಹುಡುಗ ನೋಡುವುದು ಹೇಗೆ? ಬೀದಿಗೆ ಕಾಣಲೆಂದೇ ಮಾಡಿದ್ದು ಬೀದಿಗೆ ಕಾಣಬೇಕು.

ಹೊಸ ಎರಡು ಹಕ್ಕಿಗಳು ಈಗ ಕಾಂಕ್ರೀಟಿನಲ್ಲಿ ಕಾಲೂರಿವೆ. ಮೂರನೆಯದರ ಬಾಗಿದ ಸರಳನ್ನು ನೆಟ್ಟಗೆ ಮಾಡಲು ಮಗಳು ಬಿಟ್ಟಿಲ್ಲ. ಎರಡು ಮಳೆಗಾಲ ಕಳೆದವು. ಒಂದು ಬೆಳಿಗ್ಗೆ ಒಂದರ ಸುತ್ತ ಹುಲ್ಲು ಕಿತ್ತಿತ್ತು, ಸರಳಿನ ಬಣ್ಣದ ಮೇಲೆ ಕೈಯ ಮಣ್ಣು ಮೆತ್ತಿತ್ತು. ಹಕ್ಕಿ ಅಲ್ಲೇ ಇತ್ತು.

ನಿಮ್ಮ ಅಂಗಳದಲ್ಲಿ ಇಂಥದೇನಾದರೂ ಇದ್ದರೆ ಇಂದು ಸಂಜೆ ಹೋಗಿ ಎರಡು ಬೆರಳಿನಿಂದ ಎಳೆದು ನೋಡಿ. ಅಲುಗಿದರೆ, ಮಳೆ ನಿಂತು ಮಣ್ಣು ಇನ್ನೂ ಮೆತ್ತಗಿರುವಾಗಲೇ ಗುಂಡಿ ತೋಡಿಸಿ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಎರೆಮಣ್ಣಿಗೆ ಹಾರೆ ಇಳಿಯುವುದು ಕಷ್ಟ.